ಹಳೇ ಫಿಯೆಟ್, ಅಂಬಾಸಿಡರ್‌ಗೆ ಹೊಸ ಮೀಟರು: ಯಾವುದು ಹಾಕಿಸಬೇಕು, ಯಾವುದು ಬೇಡ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಚಿತ್ರದುರ್ಗದಿಂದ ದಾವಣಗೆರೆಗೆ ನನ್ನ ಹಳೇ ಫಿಯೆಟ್ ಪದ್ಮಿನಿಯಲ್ಲಿ ವಾಪಸ್ ಬರುತ್ತಿದ್ದೆ. ಭರಮಸಾಗರ ದಾಟಿದ ಮೇಲೆ ಎಂಜಿನ್ ಸದ್ದು ಬದಲಾಯಿತು. ಕಟಕಟ ಅನ್ನತೊಡಗಿತು, ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ. ತಕ್ಷಣ ಟೆಂಪರೇಚರ್ ಮೀಟರು ನೋಡಿದೆ, ಮುಳ್ಳು ತಣ್ಣನೆಯ ಕಡೆಗೇ ಇತ್ತು. ಹಾಗಾದರೆ ಬಿಸಿ ಆಗಿಲ್ಲ, ಪೆಟ್ರೋಲಿನಲ್ಲಿ ಏನೋ ಕಸ ಬಂದಿರಬೇಕು ಅಂದುಕೊಂಡು ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಆಮೇಲೆ ಎಂಜಿನ್ ತಾನೇ ನಿಂತಿತು. ಬಾನೆಟ್ ಎತ್ತಿದರೆ ಕೆಳಗಿನ ಹೋಸ್ ಪೈಪು ಸೀಳಿ ಹೋಗಿತ್ತು, ರೇಡಿಯೇಟರಿನಲ್ಲಿ ಒಂದು ಲೋಟ ನೀರೂ ಇರಲಿಲ್ಲ. ಎಂಜಿನ್ ಮೇಲ್ಭಾಗದ ಹೆಡ್ ಬೆಂಡ್ ಆಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು.

ಮೀಟರು ಕೆಟ್ಟಿರಲಿಲ್ಲ ಅನ್ನೋದೇ ಇಲ್ಲಿನ ವಿಷಯ. ಅದರ ಸೆನ್ಸಾರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರೇ ಹೋದ ಮೇಲೆ ಸೆನ್ಸಾರ್ ಸುತ್ತ ಉಳಿಯೋದು ಗಾಳಿ ಮತ್ತು ಒಂದಿಷ್ಟು ಆವಿ. ಅವು ನೀರಿನಷ್ಟು ಶಾಖವನ್ನು ಮುಟ್ಟಿಸುವುದಿಲ್ಲ. ಹಾಗಾಗಿ ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ಕೆಳಗಿಳಿಯುತ್ತದೆ.

ಆಮೇಲೆ ನನ್ನ ಗಾಡಿಗೆ, ಗೆಳೆಯರ ಎರಡು ಅಂಬಾಸಿಡರ್‌ಗಳಿಗೆ ಬೇರೆ ಬೇರೆ ಥರದ ಮೀಟರು ಹಾಕಿಸಿ ನೋಡಿದ್ದೇವೆ. ಕೆಲವನ್ನು ಬಿಚ್ಚಿಸಿದ್ದೂ ಆಗಿದೆ. ಅಂಗಡಿಯಲ್ಲಿ ಎಲ್ಲವೂ ಚೆಂದ ಕಾಣುತ್ತವೆ. ನಾನು ಮಾತ್ರ ಈಗ ಒಂದೇ ಪ್ರಶ್ನೆ ಕೇಳಿಕೊಂಡು ಆರಿಸುತ್ತೇನೆ: ಈ ಮೀಟರು ಕೆಟ್ಟ ದಿನ ಏನು ತೋರಿಸುತ್ತದೆ, ಗಾಡಿಗೆ ಏನು ಮಾಡುತ್ತದೆ? ಪದ್ಮಿನಿಯೂ ಬರುವುದಿಲ್ಲ, ಅಂಬಾಸಿಡರ್ 2014ರಲ್ಲೇ ನಿಂತುಹೋಯಿತು. ಒಂದು ಎಂಜಿನ್ ಹಾಳಾದರೆ ಇನ್ನೊಂದು ಹುಡುಕೋದು ಎಷ್ಟು ಕಷ್ಟ ಅಂತ ಈ ಗಾಡಿ ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ.

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಯಿಲ್ ಪ್ರೆಶರ್‌ಗೆ ವೈರಿನ ಮೀಟರು, ಜೊತೆಗೆ ಹಳೇ ಕೆಂಪು ದೀಪ ಇದ್ದ ಹಾಗೇ ಇರಲಿ. ಟೆಂಪರೇಚರ್‌ಗೆ ಟ್ರಾಕ್ಟರಿನಲ್ಲಿ ಬರುವಂಥ ತಾಮ್ರದ ನಳಿಗೆಯ ಮೀಟರು. ಕರೆಂಟಿಗೆ ವೋಲ್ಟ್‌ಮೀಟರ್, ಆಂಪ್‌ಮೀಟರ್ ಬೇಡ. ದುಡ್ಡು ಒಂದಕ್ಕೇ ಇದ್ದರೆ ಆಯಿಲ್ ಪ್ರೆಶರ್ ಮೀಟರೇ ಮೊದಲು.

ಆಯಿಲ್ ಪ್ರೆಶರ್: ಪೈಪೋ, ವೈರೋ?

ಹಳೇ ಗಾಡಿಗಳ ಕೆಂಪು ದೀಪ ಸಾಮಾನ್ಯವಾಗಿ ಪ್ರೆಶರ್ 5ರಿಂದ 7 ಪಿಎಸ್‌ಐಗೆ (ಇದು ಒತ್ತಡದ ಅಳತೆ) ಇಳಿದಾಗ ಹತ್ತಿಕೊಳ್ಳುತ್ತದೆ. ಓಡುತ್ತಿರುವ ಎಂಜಿನ್‌ನಲ್ಲಿ ಪ್ರೆಶರ್ ಅಷ್ಟು ಇಳಿದಿದೆ ಅಂದರೆ ಬೇರಿಂಗ್ ಆಗಲೇ ಸವೆಯತೊಡಗಿರುತ್ತದೆ. ಹಳೇ 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ, ಎಂಜಿನ್ ಚೆನ್ನಾಗಿದ್ದರೆ, ಬಿಸಿಯಾಗಿ ಓಡುವಾಗ ಸುಮಾರು 50 ಪಿಎಸ್‌ಐ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) 15ರ ಆಸುಪಾಸು ಇರುತ್ತದೆ. 50ರಿಂದ 30ಕ್ಕೆ ಇಳಿದದ್ದನ್ನು ದೀಪ ನಿಮಗೆ ಹೇಳುವುದಿಲ್ಲ, ಮೀಟರು ಹೇಳುತ್ತದೆ. ಬೇರೆ ಎಂಜಿನ್ ಆದರೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನೋ ಹಳೇ ಲೆಕ್ಕ ಇದೆ, ಅಂದಾಜಿಗೆ ಸಾಕು.

ಪೈಪಿನ ಮೀಟರಿನಲ್ಲಿ ಎಂಜಿನ್ ಬ್ಲಾಕಿನಿಂದ ಸಣ್ಣ ನೈಲಾನ್ ಅಥವಾ ತಾಮ್ರದ ನಳಿಗೆ ಹೊರಟು ನೇರ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಮೀಟರಿನ ಒಳಗೆ ಬಾಗಿದ ಹಿತ್ತಾಳೆ ಕೊಳವೆ ಇರುತ್ತದೆ, ಆಯಿಲ್ ಒತ್ತಿದಷ್ಟೂ ಅದು ನೆಟ್ಟಗಾಗಲು ನೋಡುತ್ತದೆ, ಆ ಎಳೆತಕ್ಕೆ ಮುಳ್ಳು ತಿರುಗುತ್ತದೆ. ಬ್ಯಾಟರಿ ಬೇಡ, ವೈರ್ ಬೇಡ, ಲೆಕ್ಕ ಪಕ್ಕಾ. ಸೆಲ್ಫ್ ಹೊಡೆದ ಕೂಡಲೇ ಮುಳ್ಳು ಎದ್ದು ನಿಲ್ಲುವುದನ್ನು ನೋಡಲು ನಿಜಕ್ಕೂ ಖುಷಿಯಾಗುತ್ತದೆ. ದಾವಣಗೆರೆ ಸುತ್ತ ಭದ್ರಾ ಕಾಲುವೆ ನೀರಿನ ಭತ್ತದ ಗದ್ದೆಗಳಿರುವುದರಿಂದ ಟ್ರಾಕ್ಟರ್ ಬಿಡಿಭಾಗದ ಅಂಗಡಿಗಳಿಗೆ ಬರ ಇಲ್ಲ. ಈ ಥರದ ಮೀಟರು ಅಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ.

ಆದರೆ ಬಿಸಿ ಆಯಿಲ್ ನಿಮ್ಮ ಮೊಣಕಾಲಿನ ಹತ್ತಿರಕ್ಕೆ ಬಂದು ನಿಂತಿರುತ್ತದೆ, ಅದನ್ನು ಮರೆಯಬೇಡಿ. ಗೆಳೆಯರೊಬ್ಬರ ಅಂಬಾಸಿಡರ್‌ಗೆ ನೈಲಾನ್ ಪೈಪು ಹಾಕಿಸಿದ್ದೆವು. ಮೇಸ್ತ್ರಿ ಅದನ್ನು ಎಗ್ಸಾಸ್ಟ್ ಪಕ್ಕದಿಂದಲೇ ಎಳೆದಿದ್ದ, ನಾವೂ ನೋಡಲಿಲ್ಲ. ಮೂರು ತಿಂಗಳಿಗೆ ಪೈಪು ಮೆತ್ತಗಾಗಿ ಒಡೆಯಿತು. ಪುಣ್ಯಕ್ಕೆ ಊರೊಳಗೆ ನಿಧಾನವಾಗಿ ಹೋಗುತ್ತಿದ್ದರು. ಹೈವೇಯಲ್ಲಿ ಆಗಿದ್ದರೆ ಗೊತ್ತಾಗುವಷ್ಟರಲ್ಲಿ ಆಯಿಲ್ ಖಾಲಿಯಾಗಿ ಎಂಜಿನ್ ಕಚ್ಚಿಕೊಂಡುಬಿಡುತ್ತಿತ್ತು. ಬಿಸಿ ಎಗ್ಸಾಸ್ಟ್ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಭಯವೂ ಇದೆ. ತಾಮ್ರದ ಪೈಪು ಕರಗೋದಿಲ್ಲ ನಿಜ, ಆದರೆ ಎಂಜಿನ್ ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಅದನ್ನೇ ಹಾಕಿಸೋದಾದರೆ ಬ್ಲಾಕಿನ ಹತ್ತಿರ ಸ್ಪ್ರಿಂಗಿನಂತೆ ಎರಡು ಸುತ್ತು ಸುತ್ತಿಸಿ ಬಿಡಿ, ಅಲುಗಾಟವನ್ನು ಆ ಸುತ್ತು ತಿನ್ನುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಸ್ಟೀಲ್ ಜಾಲರಿ ಹೊದಿಸಿದ ಹೋಸ್.

ವೈರಿನ ಮೀಟರಿನಲ್ಲಿ ಆಯಿಲ್ ಬ್ಲಾಕ್ ಬಿಟ್ಟು ಈಚೆಗೆ ಬರುವುದಿಲ್ಲ. ಬ್ಲಾಕಿಗೆ ಒಂದು ಸೆಂಡರ್ (ಪ್ರೆಶರ್ ಅಳೆದು ಮೀಟರಿಗೆ ತಿಳಿಸುವ ಸೆನ್ಸಾರ್), ಅಲ್ಲಿಂದ ಒಂದು ವೈರ್, ಅಷ್ಟೇ. ವೈರ್ ಕಿತ್ತು ಹೋದರೆ ಮೀಟರು ಹೋಗುತ್ತದೆ, ಎಂಜಿನ್ ಉಳಿಯುತ್ತದೆ. ನಾನು ಇದರ ಕಡೆಗೆ ವಾಲುವುದು ಇದೇ ಕಾರಣಕ್ಕೆ.

ಆದರೆ ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುವುದು ಇಲ್ಲೇ. ಸೆಂಡರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಯುರೋಪಿನ ವಿಡಿಒ ಕಂಪನಿಯ ಮಾದರಿಯದು ಪ್ರೆಶರ್ ಇಲ್ಲದಾಗ ಸುಮಾರು 10 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಪೂರ್ತಿ ಪ್ರೆಶರ್‌ಗೆ 180ರ ಹತ್ತಿರ. ಅಮೆರಿಕದ ಮಾದರಿ ಇದಕ್ಕೆ ಉಲ್ಟಾ, ಸೊನ್ನೆಗೆ 240, ಪೂರ್ತಿಗೆ 33. ಒಂದರ ಮೀಟರು ಇನ್ನೊಂದರ ಸೆಂಡರ್ ಸೇರಿಸಿದರೆ ಮುಳ್ಳು ಹಿಂದುಮುಂದಾಗಿ ಓಡಾಡುತ್ತದೆ. ಆದ್ದರಿಂದ ಮೀಟರು ಮತ್ತು ಸೆಂಡರ್ ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬಂದದ್ದನ್ನೇ ತಗೊಳ್ಳಿ, ಬಿಡಿಬಿಡಿಯಾಗಿ ಬೇಡವೇ ಬೇಡ. ಇನ್ನೂ ಒಂದು ವಿಷಯ. ವಿಡಿಒ ಮಾದರಿಯಲ್ಲಿ ವೈರ್ ತುಂಡಾದರೆ ಮುಳ್ಳು ಪೂರ್ತಿ ಮೇಲಕ್ಕೆ ಹೋಗುತ್ತದೆ, ನೋಡಿದವರಿಗೆ ಪ್ರೆಶರ್ ಭರ್ಜರಿಯಾಗಿದೆ ಅನ್ನಿಸುತ್ತದೆ. ಅಮೆರಿಕದ ಮಾದರಿಯಲ್ಲಿ ವೈರ್ ತುಂಡಾದರೆ ಸೊನ್ನೆಗೆ ಬೀಳುತ್ತದೆ. ಹೆದರಿಸಿದರೂ ಪರವಾಗಿಲ್ಲ, ಎರಡನೆಯದೇ ಒಳ್ಳೆಯ ಗುಣ. ನಮ್ಮ ಕಡೆ ಮೊದಲನೆಯದು ಸಿಕ್ಕರೂ ಹಾಕಿಸಿ, ಮುಳ್ಳು ಮೇಲಕ್ಕೆ ಅಂಟಿಕೊಂಡರೆ ಅದು ವೈರಿನ ತೊಂದರೆ ಅಂತ ಗೊತ್ತಿದ್ದರೆ ಸಾಕು.

ಯಾವುದನ್ನೇ ಹಾಕಿಸಿ, ಕೆಂಪು ದೀಪ ಹತ್ತಿಸುವ ಹಳೇ ಪ್ರೆಶರ್ ಸ್ವಿಚ್ ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸಲು ಬಿಡಬೇಡಿ. ಟೀ ಜಾಯಿಂಟ್ ಹಾಕಿಸಿ ಎರಡೂ ಇರುವಂತೆ ಮಾಡಿ. ಮುಳ್ಳನ್ನು ನಾವು ನೋಡಿದಾಗ ಮಾತ್ರ ಅದು ಹೇಳುತ್ತದೆ, ದೀಪ ತಾನಾಗಿ ಕಣ್ಣಿಗೆ ಬೀಳುತ್ತದೆ. ಹಗಲು ಬೆಳಕಿನಲ್ಲಿ ದೀಪ ಕಾಣಿಸದೇ ಹೋಗಬಹುದು ಅಂತ ನಾನು ಅದರ ಜೊತೆಗೆ ಒಂದು ಸಣ್ಣ 12 ವೋಲ್ಟ್ ಬಜರ್ ಕೂಡ ಸೇರಿಸಿದ್ದೇನೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡು ಹೋದದ್ದು ಅದಕ್ಕೇ, ನನಗೆ ಜಾಸ್ತಿ ನೆಮ್ಮದಿ ಕೊಟ್ಟದ್ದೂ ಅದೇ.

ಟೆಂಪರೇಚರ್

ಇಲ್ಲಿ ನನ್ನ ಆಯ್ಕೆ ತಿರುಗಿಬೀಳುತ್ತದೆ, ಪೈಪಿನದೇ ಮೇಲು. ಯಾಕಂದರೆ ಈ ನಳಿಗೆಯಲ್ಲಿ ಎಂಜಿನ್ ನೀರು ಓಡಾಡುವುದಿಲ್ಲ. ತುದಿಯ ಬಲ್ಬಿನಲ್ಲಿ ಬೇಗ ಆವಿಯಾಗುವ ದ್ರವ ತುಂಬಿ ಸೀಲ್ ಮಾಡಿರುತ್ತಾರೆ, ಅದು ಬಿಸಿಯಾದಾಗ ಏರುವ ಒತ್ತಡವೇ ಮುಳ್ಳನ್ನು ತಳ್ಳುತ್ತದೆ. ಕೆಟ್ಟರೆ ಮುಳ್ಳು ಸೊನ್ನೆಗೆ ಬಿದ್ದು ಏಳುವುದೇ ಇಲ್ಲ, ಗಾಡಿಗೆ ಏನೂ ಆಗುವುದಿಲ್ಲ. ಬ್ಯಾಟರಿ ವೀಕ್ ಇದ್ದರೂ ಅರ್ಥಿಂಗ್ ತುಕ್ಕು ಹಿಡಿದಿದ್ದರೂ ಅದರ ಲೆಕ್ಕ ತಪ್ಪುವುದಿಲ್ಲ. ವೈರಿನ ಮೀಟರಿನಲ್ಲಿ ಹಾಗಲ್ಲ, ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಅಲುಗಿದರೆ ಅದು ಅರ್ಥಿಂಗ್ ಕೆಟ್ಟಿರುವ ಗುರುತು.

ನಳಿಗೆಯದರ ಕಷ್ಟ ಅಂದರೆ ಅದನ್ನು ಕತ್ತರಿಸಲು, ಬೆಸೆಯಲು, ಚೂಪಾಗಿ ಮಡಿಸಲು ಆಗುವುದಿಲ್ಲ. ಒಂದು ಸಲ ಮುರಿದರೆ ಇಡೀ ಮೀಟರು ಬಿಸಾಡಬೇಕು. ಕೊಳ್ಳುವ ಮುಂಚೆ ಒಂದು ದಾರ ತಗೊಂಡು ಹೆಡ್‌ನಿಂದ ಡ್ಯಾಶ್‌ಬೋರ್ಡ್‌ವರೆಗೆ, ತಿರುವುಗಳನ್ನೂ ಸೇರಿಸಿ, ಅಳತೆ ಮಾಡಿಕೊಂಡು ಹೋಗಿ. ಉದ್ದ ಮಿಕ್ಕರೆ ಅಗಲವಾಗಿ ಸುತ್ತಿ ಕಟ್ಟಬಹುದು, ಕಡಿಮೆಯಾದರೆ ಏನೂ ಮಾಡಲಾಗದು. ಇನ್ನೊಂದು, ಆ ಬಲ್ಬ್ ತೂರಲು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ದೊಡ್ಡ ತೂತು ಬೇಕು. ಅದಕ್ಕೆ ರಬ್ಬರ್ ಗ್ರೊಮೆಟ್ ಹಾಕಿಸದಿದ್ದರೆ ತಗಡಿನ ಅಂಚು ನಳಿಗೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಮೀಟರು ತಂದ ದಿನವೇ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರು ಕುದಿಸಿ, ಬಲ್ಬನ್ನು ತಳಕ್ಕೆ ತಾಗದಂತೆ ಮುಳುಗಿಸಿ ನೋಡಿ. 100 ತೋರಿಸಲಿಲ್ಲ ಅಂತ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಚಿತ್ರದುರ್ಗ 700ಕ್ಕೂ ಮೇಲೆ. ನಮ್ಮಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಡಿಗೂ ಇದೇ ಲೆಕ್ಕ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯದಿದ್ದರೆ 98ಕ್ಕೇ ಕುದಿ. 7 ಪಿಎಸ್‌ಐ ಮುಚ್ಚಳ ಗಟ್ಟಿಯಾಗಿದ್ದರೆ 110ರ ಆಸುಪಾಸಿನವರೆಗೂ ತಡೆಯುತ್ತದೆ. ಹಾಗಾಗಿ ಮೀಟರಿಗೆ ದುಡ್ಡು ಹಾಕುವ ಮುಂಚೆ ಮುಚ್ಚಳದ ರಬ್ಬರ್ ವಾಷರ್ ನೋಡಿ, ದಯವಿಟ್ಟು.

ಹಾಗಾದರೆ ಭರಮಸಾಗರದಲ್ಲಿ ನನಗಾದದ್ದಕ್ಕೆ ಪರಿಹಾರ? ನೀರಿನಲ್ಲಿ ಮುಳುಗುವ ಯಾವ ಸೆನ್ಸಾರೂ ಅಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಅದಕ್ಕೆ ಬೇರೆ ಥರದ್ದು ಬೇಕು. ಉಂಗುರದ ಆಕಾರದ ಸೆನ್ಸಾರ್ ಇರುವ ಸಣ್ಣ ಡಿಜಿಟಲ್ ಮೀಟರು ಬರುತ್ತದೆ, ಆ ಉಂಗುರವನ್ನು ಹೆಡ್‌ಗೆ ಸೇರಿದ ಯಾವುದಾದರೂ ಸಣ್ಣ ಬೋಲ್ಟಿನ ಕೆಳಗೆ ಸಿಕ್ಕಿಸಬೇಕು. ಅದು ನೀರನ್ನಲ್ಲ, ಲೋಹದ ಬಿಸಿಯನ್ನೇ ಅಳೆಯುತ್ತದೆ. ನೀರಿದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಹೆಡ್ ಬಿಗಿಯುವ ದೊಡ್ಡ ಬೋಲ್ಟಿನ ಕೆಳಗೆ ಮಾತ್ರ ಹಾಕಿಸಬೇಡಿ, ಅದರ ಟಾರ್ಕ್ (ಬಿಗಿತದ ಲೆಕ್ಕ) ಕೆಡುತ್ತದೆ. ಒಂದು ವಾರ ಓಡಿಸಿ, ಮಾಮೂಲಿ ಎಷ್ಟು ಬರುತ್ತದೆ ನೋಡಿಕೊಂಡು, ಅದಕ್ಕಿಂತ 12–15 ಡಿಗ್ರಿ ಮೇಲಕ್ಕೆ ಅಲಾರಂ ಇಡಿ. ಡಿಜಿಟಲ್ ಅಂಕಿ ಹಳೇ ಡ್ಯಾಶ್‌ಬೋರ್ಡಿಗೆ ಹೊಂದುವುದಿಲ್ಲ ಅನ್ನುವವರು ಅದನ್ನು ಗ್ಲೋವ್ ಬಾಕ್ಸ್ ಒಳಗೆ ಇಡಬಹುದು, ಅಲಾರಂ ಕೇಳಿಸಿದರೆ ಸಾಕಲ್ವಾ?

ಉಳಿದ ಮೀಟರುಗಳಿಗೆ ಡಿಜಿಟಲ್ ನನಗೆ ಇಷ್ಟವಿಲ್ಲ. ಬೆಳಿಗ್ಗೆ ಚಿತ್ರದುರ್ಗದಿಂದ ದಾವಣಗೆರೆ ಕಡೆ ಬರುವಾಗ ಬಿಸಿಲು ಹಿಂದಿನ ಗಾಜಿನಿಂದ ನೇರ ಡ್ಯಾಶ್‌ಬೋರ್ಡಿಗೆ ಬೀಳುತ್ತದೆ, ಅಗ್ಗದ ಡಿಜಿಟಲ್ ಅಂಕಿಗಳು ಕಾಣುವುದೇ ಇಲ್ಲ. ಮುಳ್ಳಾದರೆ ಎಲ್ಲಿ ನಿಂತಿದೆ ಅಂತ ಓರೆಗಣ್ಣಿನಲ್ಲೇ ತಿಳಿಯುತ್ತದೆ.

ಕರೆಂಟ್: ಆಂಪ್‌ಮೀಟರ್ ಬೇಡ ಅನ್ನೋದು ಯಾಕೆ

ಆಂಪ್‌ಮೀಟರ್ ನೋಡಲು ಚೆಂದ, ಬ್ಯಾಟರಿಗೆ ಕರೆಂಟ್ ಹೋಗ್ತಾ ಇದೆಯೋ ಬರ್ತಾ ಇದೆಯೋ ಅಂತ ನೇರ ಹೇಳುತ್ತದೆ. ಆದರೆ ಸೆಲ್ಫ್ ಮೋಟರ್ ಒಂದನ್ನು ಬಿಟ್ಟು ಗಾಡಿಯ ಎಲ್ಲಾ ಕರೆಂಟೂ ಅದರ ಮೂಲಕವೇ ಓಡಾಡಬೇಕು. ಅಂದರೆ ಬ್ಯಾಟರಿಯಿಂದ ದಪ್ಪ ವೈರ್ ಡ್ಯಾಶ್‌ಬೋರ್ಡಿಗೆ ಬಂದು ವಾಪಸ್ ಹೋಗಬೇಕು, ಸಾಮಾನ್ಯವಾಗಿ ಫ್ಯೂಸ್ ಇಲ್ಲದೆ. ಹಿಂದಿನ ನಟ್ ಸ್ವಲ್ಪ ಸಡಿಲಾದರೆ ಅಲ್ಲಿ ಬಿಸಿ ಹುಟ್ಟುತ್ತದೆ, ವೈರ್ ಸುಡುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ. ನಟ್ ಪೂರ್ತಿ ಬಿಚ್ಚಿಕೊಂಡರೆ ಗಾಡಿ ಅಲ್ಲೇ ನಿಲ್ಲುತ್ತದೆ. ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ ಗಾಡಿಯಲ್ಲಿ ಹಳೇ 30 ಆಂಪಿನ ಮೀಟರನ್ನೇ ಉಳಿಸಿಕೊಳ್ಳೋದು ಇನ್ನೂ ಅಪಾಯ, ಅಷ್ಟು ಕರೆಂಟಿಗೆ ಅದನ್ನು ಮಾಡಿರುವುದಿಲ್ಲ.

ವೋಲ್ಟ್‌ಮೀಟರ್‌ಗೆ ಎರಡು ಸಣ್ಣ ವೈರ್ ಸಾಕು, ಮೊದಲಿಗೆ ಫ್ಯೂಸ್ ಹಾಕಬಹುದು, ಕೆಟ್ಟರೆ ಗಾಡಿಗೆ ಗೊತ್ತೂ ಆಗುವುದಿಲ್ಲ. ಎಂಜಿನ್ ಆಫ್ ಇದ್ದಾಗ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. ಹೈವೇಯಲ್ಲಿ 12.4ಕ್ಕೆ ಬಂದು ಇಳಿಯುತ್ತಲೇ ಹೋದರೆ ಚಾರ್ಜಿಂಗ್ ನಿಂತಿದೆ. ಫ್ಯಾನ್ ಬೆಲ್ಟ್ ಹೋಗಿದ್ದರೂ ಹೀಗೇ ಆಗುತ್ತದೆ, ಆ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುವ ಗಾಡಿಯಾದರೆ ಟೆಂಪರೇಚರ್ ಏರುವುದಕ್ಕೂ ಮುಂಚೆ ವೋಲ್ಟ್‌ಮೀಟರೇ ಮೊದಲು ಹೇಳಿರುತ್ತದೆ. 15 ದಾಟಿದರೆ ರೆಗ್ಯುಲೇಟರ್ ನೋಡಿಸಿ. ಡೈನಮೋ ಗಾಡಿಯವರು ಐಡಲ್‌ನಲ್ಲಿ 12ರ ಹತ್ತಿರ ಬಂದರೆ ಗಾಬರಿಯಾಗಬೇಡಿ, ಡೈನಮೋ ನಿಧಾನ ತಿರುಗುವಾಗ ಅಷ್ಟೇ ಕೊಡೋದು.

ಕಂಪನಿಯಿಂದಲೇ ಬಂದ ಆಂಪ್‌ಮೀಟರ್ ಇದ್ದರೆ ಕಿತ್ತು ಹಾಕಿ ಅಂತ ನಾನು ಹೇಳೋದಿಲ್ಲ, ಅದು ಗಾಡಿಯ ಚರಿತ್ರೆ. ವರ್ಷಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಹಿಂದಿನ ನಟ್‌ಗಳನ್ನು ಬಿಗಿ ಮಾಡಿಸಿ.

ವ್ಯಾಕ್ಯೂಮ್ ಮೀಟರ್ (ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವುದು) ಆಸಕ್ತಿ ಇದ್ದವರಿಗೆ. ಸಮುದ್ರಮಟ್ಟದಲ್ಲಿ ಐಡಲ್‌ಗೆ 17ರಿಂದ 21 ಇಂಚು (ಪಾದರಸದ ಅಳತೆ) ಅಂತ ಬರೆದಿರುತ್ತಾರೆ, ನಮ್ಮ ಎತ್ತರಕ್ಕೆ ಎರಡು ಇಂಚು ಕಡಿಮೆ ಓದಿಕೊಳ್ಳಿ. ಆರ್‌ಪಿಎಂ ಮೀಟರ್ ಇಗ್ನಿಷನ್ ಕಾಯಿಲ್‌ನ ನೆಗೆಟಿವ್‌ಗೆ ಒಂದು ವೈರ್ ಅಷ್ಟೇ, ಹಿಂದಿನ ಸ್ವಿಚ್ 4 ಸಿಲಿಂಡರ್‌ಗೆ ಇದೆಯಾ ನೋಡಿಕೊಳ್ಳಿ. ಎರಡೂ ಇರದಿದ್ದರೆ ನಷ್ಟವಿಲ್ಲ.

ಕೂರಿಸುವಾಗ

ಸೆಂಡರ್‌ನ ಮರೆ, ಅಂದರೆ ಥ್ರೆಡ್, ದೊಡ್ಡ ತಲೆನೋವು. 1/8 ಎನ್‌ಪಿಟಿ (ಅಮೆರಿಕದ್ದು), 1/8 ಬಿಎಸ್‌ಪಿ (ಬ್ರಿಟಿಷರದ್ದು), ಎಂ10 (ಮೆಟ್ರಿಕ್) ಮೂರೂ 10 ಮಿಲಿಮೀಟರ್ ಆಸುಪಾಸು, ಬರಿಗಣ್ಣಿಗೆ ಒಂದೇ ಥರ. ಎನ್‌ಪಿಟಿ ಇಂಚಿಗೆ 27 ಮರೆ, ಬಿಎಸ್‌ಪಿ 28. ತಪ್ಪಾದದ್ದೂ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಮೇಸ್ತ್ರಿ ಪಾನಾ ಹಾಕಿ ತಿರುವುತ್ತಾನೆ, ಬ್ಲಾಕಿನ ಮರೆ ಹಾಳು. ಹಳೇ ಸ್ವಿಚ್ಚನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋಗಿ, ಥ್ರೆಡ್ ಗೇಜ್ ಇಟ್ಟು ನೋಡಿಸಿ, ಅದಕ್ಕೆ ಹೊಂದುವ ಹಿತ್ತಾಳೆ ಅಡಾಪ್ಟರ್ ಮಾಡಿಸಿಕೊಳ್ಳಿ. ಒಂದು ದಿನ ಹೆಚ್ಚು ಹಿಡಿದರೂ ಪರವಾಗಿಲ್ಲ.

ಒಂದೇ ವೈರಿನ ಸೆಂಡರ್‌ಗೆ ಟೆಫ್ಲಾನ್ ಟೇಪು ಸುತ್ತಿಸಬೇಡಿ. ಅದಕ್ಕೆ ಅರ್ಥಿಂಗ್ ಸಿಗುವುದೇ ಮರೆಯಿಂದ, ಟೇಪು ಅದನ್ನು ತಡೆಯಬಹುದು. ಟೇಪಿನ ಚೂರು ಆಯಿಲ್ ದಾರಿಗೆ ಹೋಗಿ ಕೂತರೂ ಕಷ್ಟ. ಮೀಟರಿಗೆ ಪವರ್ ಕೀ ಆನ್ ಆದಾಗ ಬರುವ ವೈರಿನಿಂದ ತಗೊಳ್ಳಿ, 3ರಿಂದ 5 ಆಂಪಿನ ಫ್ಯೂಸ್ ಸಾಕು. ತುಂಬಾ ಹಳೇ ಅಂಬಾಸಿಡರ್ ಆದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಅಂತ ಮೊದಲು ನೋಡಿ, ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ ಪಾಸಿಟಿವ್ ಬಾಡಿಗೆ ಇರುತ್ತಿತ್ತು. ಈಗಿನ ಮೀಟರನ್ನು ಅದಕ್ಕೆ ಹಾಗೇ ಕೊಟ್ಟರೆ ಸುಟ್ಟುಹೋಗಬಹುದು.

ಡ್ಯಾಶ್‌ಬೋರ್ಡ್ ಕೊರೆಯಬೇಡಿ, ಇದೊಂದು ನನ್ನ ವಿನಂತಿ. ಹೆಚ್ಚಿನ ಮೀಟರು 52 ಮಿಲಿಮೀಟರ್ ತೂತಿನವು. ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಮೂರು ತೂತು ಮಾಡಿಸಿ ಡ್ಯಾಶ್‌ಬೋರ್ಡ್ ಕೆಳಗೆ ತೂಗುಹಾಕಿ, ಚಾಲಕನ ಕಡೆ ಸ್ವಲ್ಪ ಓರೆಯಾಗಿ. ನಾಳೆ ಬೇಡವಾದರೆ ಎರಡು ಸ್ಕ್ರೂ ಬಿಚ್ಚಿದರೆ ಗಾಡಿ ಮೊದಲಿನಂತೆ. ಕೊರೆದ ಹಳೇ ಡ್ಯಾಶ್‌ಬೋರ್ಡಿಗೆ ಬದಲಿ ಎಲ್ಲೂ ಸಿಗುವುದಿಲ್ಲ.

ಎಲ್ಲಾ ಆದ ಮೇಲೆ ಮೊದಲ ವಾರದ ಅಂಕಿಗಳನ್ನು ಬರೆದಿಡಿ. ನನ್ನ ಸನ್‌ವೈಸರ್ ಹಿಂದೆ ಒಂದು ಚೀಟಿ ಇದೆ: ಆಯಿಲ್ ಪ್ರೆಶರ್ ಬಿಸಿ ಐಡಲ್ 18, ಅರವತ್ತರ ಸ್ಪೀಡಿನಲ್ಲಿ 48, ನೀರು 86, ವೋಲ್ಟ್ 13.9. ಹೋದ ತಿಂಗಳು ಅದೇ ಭರಮಸಾಗರದ ರಸ್ತೆಯಲ್ಲಿ ಅರವತ್ತಕ್ಕೆ 38 ತೋರಿಸಿತು. ದೀಪ ಹತ್ತಿರಲಿಲ್ಲ, ಸದ್ದೂ ಬದಲಾಗಿರಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಮೊದಲಿಗಿಂತ ಮೇಲೆ ಇತ್ತು, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿತ್ತು. ಗಾಡಿಯನ್ನು ಟೋ ಮಾಡಿಸಿ ತಂದೆ. ಡಯಾಫ್ರಮ್ ಕಿಟ್, ಹೊಸ ಆಯಿಲ್, ಫಿಲ್ಟರ್, ಅಷ್ಟರಲ್ಲೇ ಮುಗಿಯಿತು. ಮಾರನೇ ದಿನ ಮುಳ್ಳು ಮತ್ತೆ 48ಕ್ಕೆ ಬಂದು ನಿಂತಿತ್ತು.